ಒಂದು ಕಾರಿನ ನಂಬರ್, ಒಂದು ಟಿವಿ ಭಾಷಣ

ಬಣ್ಣದ ಹೆಸರಲ್ಲಿ ಒಡೆದುಹೋದ ದೇಶದಲ್ಲಿ ಇವತ್ತಿನ ಕಾಲದಲ್ಲೂ ಅಂತರ್ಯುದ್ಧ ಆಗೋದು ಸಾಧ್ಯವಾ? ಅಮೆರಿಕದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತೆ. ಉತ್ತರ ಬೇಕು ಅಂದ್ರೆ ದಕ್ಷಿಣ ಆಫ್ರಿಕಾವನ್ನ ನೋಡಿ. ಆ ದೇಶ ಅಂತರ್ಯುದ್ಧದ ಹೊಸ್ತಿಲವರೆಗೆ ಹೋಗಿ ವಾಪಸ್ ಬಂದಿದೆ.

1990ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ 27 ವರ್ಷಗಳ ಸೆರೆವಾಸ ಮುಗಿಸಿ ಹೊರಬಂದರು. ಕಥೆ ಅಲ್ಲಿಗೆ ಸುಖಾಂತ್ಯವಾಯ್ತು ಅಂತ ನಾವು ಅಂದ್ಕೊಂಡಿದ್ದೀವಿ. ಇಲ್ಲ, ವೀಕ್ಷಕರೇ. ರಕ್ತಪಾತ ಹೆಚ್ಚಾಗಿದ್ದೇ ಆಮೇಲೆ. ಮುಂದಿನ ನಾಲ್ಕು ವರ್ಷಗಳಲ್ಲಿ ರಾಜಕೀಯ ಹಿಂಸೆಗೆ ಬಲಿಯಾದವರು ಸುಮಾರು 14,000 ಜನ. ಇದು ಬರೀ ಕಪ್ಪು-ಬಿಳಿ ಜಗಳವೂ ಆಗಿರಲಿಲ್ಲ. ಮಂಡೇಲಾರ ಎಎನ್‌ಸಿ ಮತ್ತು ಇಂಕಾಥಾ ಪಕ್ಷದ ಬೆಂಬಲಿಗರು, ಅಂದ್ರೆ ಕರಿಯರೇ ಕರಿಯರನ್ನ ಕೊಲ್ಲುತ್ತಿದ್ದರು.

1993ರ ಏಪ್ರಿಲ್ 10. ಕಮ್ಯುನಿಸ್ಟ್ ಪಕ್ಷದ ನಾಯಕ, ಕರಿಯ ಯುವಕರ ಕಣ್ಮಣಿ ಕ್ರಿಸ್ ಹಾನಿ ತಮ್ಮ ಮನೆಯ ಎದುರೇ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದ್ದು ಪೋಲೆಂಡ್‌ನಿಂದ ವಲಸೆ ಬಂದಿದ್ದ ಒಬ್ಬ ಬಿಳಿಯ. ಲೆಕ್ಕ ಸ್ಪಷ್ಟವಾಗಿತ್ತು: ಕರಿಯರು ಸಿಡಿದೇಳಬೇಕು, ಮಾತುಕತೆ ಮುರಿದು ಬೀಳಬೇಕು. ಆದರೆ ನೆರೆಮನೆಯ ಒಬ್ಬ ಬಿಳಿಯ ಮಹಿಳೆ ಕಾರಿನ ನಂಬರ್ ನೋಡಿಕೊಂಡು ಪೊಲೀಸರಿಗೆ ಫೋನ್ ಮಾಡಿದರು. ಹಂತಕ ಅವತ್ತೇ ಸಿಕ್ಕಿಬಿದ್ದ.

ಆಗ ಅಧ್ಯಕ್ಷರಾಗಿದ್ದವರು ಡಿ ಕ್ಲರ್ಕ್. ಆದರೆ ಟಿವಿಯಲ್ಲಿ ದೇಶವನ್ನ ಸಮಾಧಾನ ಮಾಡಿದವರು ಮಂಡೇಲಾ. ಕೊಂದವನು ಬಿಳಿಯ, ಹಿಡಿದುಕೊಟ್ಟವಳೂ ಬಿಳಿಯಳೇ ಅನ್ನೋ ಸತ್ಯವನ್ನ ಜನರ ಮುಂದಿಟ್ಟರು. ಗಲಭೆಗಳಾದವು, ಸಾವುಗಳೂ ಆದವು. ಆದರೆ ದೇಶ ಹೊತ್ತಿ ಉರಿಯಲಿಲ್ಲ.

ಭಾಷಣ ಒಂದರಿಂದಲೇ ಎಲ್ಲ ಸರಿಹೋಯ್ತಾ? ಇಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಅದಕ್ಕೇ ಹೀಗೆ ಹೇಳ್ತೀನಿ: ಒತ್ತಡ ಇದೆ ಅಂತ ಕುಕ್ಕರ್ ಸಿಡಿಯಲ್ಲ, ಹಬೆ ಹೋಗೋ ದಾರಿ ಮುಚ್ಚಿದಾಗ ಸಿಡಿಯುತ್ತೆ. ಹಾನಿ ಹತ್ಯೆಯಾದ ಕೆಲವೇ ವಾರಗಳಲ್ಲಿ ಚುನಾವಣೆಯ ದಿನಾಂಕ ನಿಗದಿಯಾಯಿತು. ಮೊದಲ ಐದು ವರ್ಷ ಅಧಿಕಾರ ಹಂಚಿಕೊಳ್ಳೋಣ, ಬಿಳಿಯ ಸರ್ಕಾರಿ ನೌಕರರ ಕೆಲಸ ಕಿತ್ತುಕೊಳ್ಳೋದು ಬೇಡ ಅನ್ನೋ ಒಪ್ಪಂದವೂ ಆಯ್ತು. ಸಶಸ್ತ್ರ ಬಂಡಾಯ ಮಾಡಬಲ್ಲವರಾಗಿದ್ದ ಮಾಜಿ ಸೇನಾ ಮುಖ್ಯಸ್ಥ ಜನರಲ್ ಫಿಲ್ಯೂನ್ ಕೊನೇ ಗಳಿಗೆಯಲ್ಲಿ ಬಂದೂಕು ಬಿಟ್ಟು ಚುನಾವಣೆಗೆ ನಿಂತರು. ಮತದಾನಕ್ಕೆ ವಾರ ಇರುವಾಗ ಇಂಕಾಥಾ ಕೂಡ ಕಣಕ್ಕಿಳಿಯಿತು. ಸೋತವನಿಗೂ ನಾಳೆ ಅನ್ನೋದು ಇರಬೇಕು, ಅಲ್ವಾ?

1994ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾದ ಕರಿಯರು ಮೊದಲ ಬಾರಿಗೆ ಮತ ಹಾಕಲು ಕ್ಯೂ ನಿಂತರು. ಅದೇ ತಿಂಗಳು, ಅದೇ ಖಂಡದ ರುವಾಂಡಾದಲ್ಲಿ ಒಂದು ರೇಡಿಯೋ ಸ್ಟೇಷನ್ ತುತ್ಸಿ ಜನರನ್ನ ಜಿರಳೆಗಳು ಅಂತ ಕರೆಯುತ್ತಾ ಕೊಲ್ಲಲು ಹುರಿದುಂಬಿಸುತ್ತಿತ್ತು. ಸುಮಾರು 100 ದಿನಗಳಲ್ಲಿ ಲಕ್ಷಾಂತರ ಜನ ಸತ್ತರು.

ಎರಡೂ ಕಡೆ ಮೈಕ್ ಇತ್ತು. ಒಂದು ಕಡೆ ಬೆಂಕಿಗೆ ನೀರು ಸುರಿಯಿತು, ಇನ್ನೊಂದು ಕಡೆ ತುಪ್ಪ. ಮೈಕ್ ಮುಂದೆ ಕೂರುವ ನಮ್ಮಂಥವರು ಇದನ್ನ ಮರೆಯಬಾರದು. ಟಿವಿ ಮುಂದೆ ಕೂರುವ ನೀವೂ ಅಷ್ಟೇ.