ಹಲ್ಲಿನ ಮೇಲಿನ ಕಂದು ಕಲೆಯ ಕತೆ

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದು ವೃತ್ತಿ ಶುರುಮಾಡಿದ. ಬಾಯಿ ತೆರೆದವರಲ್ಲಿ ಬಹಳ ಮಂದಿಯ ಹಲ್ಲಿನ ಮೇಲೆ ಕಂದು ಕಲೆ! ಕೆಲವರದ್ದಂತೂ ಚಾಕಲೇಟಿನ ಬಣ್ಣ. ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಊರವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಹಂದಿಮಾಂಸ ಜಾಸ್ತಿ ತಿಂದಿದ್ದಕ್ಕೆ, ಕಳಪೆ ಹಾಲು ಕುಡಿದಿದ್ದಕ್ಕೆ, ನೀರಲ್ಲಿ ಸುಣ್ಣ ಜಾಸ್ತಿ ಇದ್ದದ್ದಕ್ಕೆ... ಮೆಕೇಗೆ ಸಮಾಧಾನವಾಗಲಿಲ್ಲ. ಸರಿಯಾದ ಉತ್ತರ ಸಿಗಲು 30 ವರ್ಷ ಬೇಕಾಯಿತು.

ಮುಂದಿನ ಕತೆಗೆ ಮೊದಲು ಹಲ್ಲಿನ ರಚನೆಯನ್ನು ಸ್ವಲ್ಪ ನೋಡಿಬಿಡೋಣ. ಹಲ್ಲಿನ ನಡುವೆ ರಕ್ತನಾಳ, ನರಗಳಿರುವ ಮೆತ್ತನೆಯ ತಿರುಳು. ಅದರ ಸುತ್ತ ಮೂಳೆಯಂಥ ಡೆಂಟಿನ್. ವಸಡಿನಿಂದ ಹೊರಗೆ ಕಾಣುವ ಭಾಗಕ್ಕೆ ಎನಾಮಲ್ ಹೊದಿಕೆ. ಕಚ್ಚುವ, ಅಗಿಯುವ ಒತ್ತಡವನ್ನೆಲ್ಲ ಮೊದಲು ತಡೆಯಬೇಕಾದ್ದು ಇದೇ. ಹಾಗಾಗಿ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು ಎನಾಮಲ್. ತೂಕದಲ್ಲಿ ಶೇಕಡಾ 96ರಷ್ಟು ಬರೀ ಖನಿಜ!

ಆದರೆ ಒಂದು ಕೊರತೆ ಇದೆ. ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಏಳನೇ ವಯಸ್ಸಿನಲ್ಲಿ ಮೂಡುವ ಮುಂದಿನ ಹಲ್ಲಿನ ಎನಾಮಲ್, ಮಗುವಿಗೆ ಕೆಲವು ತಿಂಗಳಾದಾಗಿನಿಂದ ನಾಲ್ಕೈದು ವರ್ಷದೊಳಗೆ ದವಡೆಯ ಒಳಗೇ ತಯಾರಾಗಿರುತ್ತದೆ. ಆಗ ಏನಾದರೂ ಎಡವಟ್ಟಾದರೆ ಅದು ಕೊನೆತನಕ ಉಳಿಯುತ್ತದೆ.

ಮೆಕೇ ಆ ಕಾಲದ ಹೆಸರಾಂತ ದಂತತಜ್ಞ ಜಿ.ವಿ. ಬ್ಲ್ಯಾಕ್‌ನನ್ನು 1909ರಲ್ಲಿ ಕರೆಸಿದ. ಇಬ್ಬರೂ ಸೇರಿ ಕೆಲವು ವರ್ಷ ಹುಡುಕಿದರು. ಎರಡು ಸಂಗತಿ ಸ್ಪಷ್ಟವಾದವು. ಒಂದು, ಹಲ್ಲು ಪೂರ್ತಿ ಬೆಳೆದ ಮೇಲೆ ಆ ಊರಿಗೆ ಬಂದವರಿಗೆ ಕಲೆ ಬರುವುದಿಲ್ಲ. ಎರಡು, ವಿಚಿತ್ರವೆಂದರೆ, ಕಲೆಯಿದ್ದ ಹಲ್ಲುಗಳು ಅಷ್ಟು ಸುಲಭವಾಗಿ ಹುಳುಕಾಗುವುದಿಲ್ಲ!

1923ರಲ್ಲಿ ಮೆಕೇ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದ. ದೂರದ ಬಿಸಿನೀರಿನ ಬುಗ್ಗೆಯಿಂದ ಪೈಪು ಹಾಕಿಸಿದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬರತೊಡಗಿತು ಎಂದು ಅಲ್ಲಿನ ತಂದೆತಾಯಿಯರು ಹೇಳಿದರು. ನೀರು ಪರೀಕ್ಷಿಸಿದರೆ ಏನೂ ಸಿಗಲಿಲ್ಲ. ಆದರೂ ಆ ಪೈಪು ಬಿಟ್ಟು ಬೇರೆ ಬುಗ್ಗೆಯ ನೀರು ಬಳಸಿ ಎಂದ ಮೆಕೇ. ಜನ ಕೇಳಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲುಗಳಲ್ಲಿ ಕಲೆಯೇ ಇರಲಿಲ್ಲ. ಕಾರಣದ ಹೆಸರು ಗೊತ್ತಾಗುವ ಮೊದಲೇ ಮಕ್ಕಳು ಪಾರಾಗಿದ್ದರು!

ಹೆಸರು ಸಿಕ್ಕಿದ್ದು 1931ರಲ್ಲಿ. ಅರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರಿನಲ್ಲೂ ಇದೇ ಕಲೆ ಕಂಡಿತ್ತು. ಅದು ಅಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಊರು. ಅಲ್ಯೂಮಿನಿಯಂ ಪಾತ್ರೆ ವಿಷ ಎಂಬ ಗುಲ್ಲು ಬೇರೆ ಆಗ ಹಬ್ಬಿತ್ತು. ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಹೊಸ ವಿಧಾನದಿಂದ ನೀರನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಫ್ಲೋರೈಡ್. ಅದು ಮಿತಿಮೀರಿದರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಹೊರಬಂದ ಮೇಲೆ ಅದರೊಳಗೆ ಬಣ್ಣ ಇಳಿಯುತ್ತದೆ. ಸ್ವಲ್ಪವೇ ಇದ್ದರೆ ಹುಳುಕು ತಡೆಯುತ್ತದೆ. ಹಾಗಾಗಿಯೇ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ 1945ರಿಂದ ಅಳತೆ ನೋಡಿ ಫ್ಲೋರೈಡನ್ನು ನೀರಿಗೆ ಬೆರೆಸಲು ಆರಂಭಿಸಿದರು.

ನಮ್ಮಲ್ಲಿ ಬೆರೆಸುವ ಮಾತೇ ಇಲ್ಲ, ತೆಗೆಯುವುದೇ ಸಮಸ್ಯೆ! 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ ಈ ಕಾಯಿಲೆ ವರದಿಯಾಯಿತು. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಗಳೂ ಕೆಡುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ.

ಇಂಥ ಊರಿನ ಹತ್ತು ವರ್ಷದ ಹುಡುಗಿಗೆ "ಸರಿಯಾಗಿ ಹಲ್ಲುಜ್ಜಲ್ವಾ?" ಎಂದು ಗದರುವುದು ತಪ್ಪು. ಆ ಕಲೆಗೆ ಕಾರಣವಾದ ನೀರನ್ನು ಅವಳು ತೊದಲು ಮಾತಾಡುವ ವಯಸ್ಸಿನಲ್ಲೇ ಕುಡಿದಾಗಿತ್ತು. ಅವಳ ತಮ್ಮ ಈಗ ಯಾವ ನೀರು ಕುಡಿಯುತ್ತಿದ್ದಾನೆ ಎಂದು ಕೇಳಿ. ಓಕ್ಲಿಯ ತಂದೆತಾಯಿಯರು ಕೇಳಿದ್ದೂ ಅದನ್ನೇ ಅಲ್ಲವೇ?