ಬಾಯಮ್ಮ ಕೇಳಿದ ಪ್ರಶ್ನೆ

2020ರ ಡಿಸೆಂಬರ್ 21, ಸೋಮವಾರ. ಸಂಜೆ ಆರು ದಾಟಿತ್ತು. ಮದೀನತ್ ಜಾಯೆದ್‌ನ ನಮ್ಮ ಕಟ್ಟಡದ ತಾರಸಿಯ ಮೇಲೆ ಏಳೆಂಟು ಜನ ನೈಋತ್ಯಕ್ಕೆ ಮುಖ ಮಾಡಿ ನಿಂತಿದ್ದೆವು. ಮೂಗು ಬಾಯಿ ಮುಚ್ಚಿಕೊಂಡಿದ್ದ ವರ್ಷ ಅದು. ತೆರೆದಿದ್ದದ್ದು ಕಣ್ಣು ಮಾತ್ರ. ಮರಳಿನ ದಿಬ್ಬಗಳ ಮೇಲಿನ ಕೆಂಪು ಇಳಿದಂತೆ ಗುರುಗ್ರಹ ಮೊದಲು ಹೊಳೆಯಿತು. ಆಮೇಲೆ ಅದಕ್ಕೆ ಅಂಟಿಕೊಂಡಂತೆ ಮಂಕಾಗಿ ಶನಿ. ಎರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ಐದನೆಯ ಒಂದು ಪಾಲು. ಬರಿಗಣ್ಣಿಗೆ ಚೆನ್ನಾಗಿ ಕಾಣುವಂತೆ ಅವೆರಡು ಇಷ್ಟು ಹತ್ತಿರ ಬಂದದ್ದು 1226ರ ಬಳಿಕ ಅದೇ ಮೊದಲು. 1623ರಲ್ಲೂ ಬಂದಿದ್ದವು, ಆದರೆ ಸೂರ್ಯನಿಗೆ ತೀರ ಸಮೀಪವಿದ್ದು ಸಂಜೆಬೆಳಕಿನಲ್ಲಿ ಮುಳುಗಿದ್ದವು.

ಕೆಳಮನೆಯ ಗೆಳೆಯನ ತಾಯಿ ಮಂಗಳೂರಿನವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದೆ. ಮಗನ ಬಾಲ್ಕನಿಗೆ ನಕ್ಷತ್ರದ ಗೂಡುದೀಪ ಕಟ್ಟಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಗೋದಲಿ ಮಾಡಿಟ್ಟಿದ್ದರು. ಆ ಸಲ ಚರ್ಚಿಗೆ ಹೋಗಲಾಗುವುದಿಲ್ಲ ಎಂಬ ಕೊರಗು ಅವರಿಗೆ. ಬೆಳಿಗ್ಗೆ ಮೊಬೈಲಿಗೆ ಬಂದಿದ್ದ ಸಂದೇಶದ ಬಲದ ಮೇಲೆ ನಾನು ಹೇಳಿಬಿಟ್ಟೆ: "ಬಾಯಮ್ಮ, ಬೆತ್ಲೆಹೇಮಿನ ನಕ್ಷತ್ರ ಅಂದರೆ ಇದೇ. ಕೆಪ್ಲರ್ ಎಂಬ ದೊಡ್ಡ ವಿಜ್ಞಾನಿಯೇ ಲೆಕ್ಕ ಹಾಕಿ ಹೇಳಿದ್ದು."

ಅವರು ಶಿಲುಬೆಯ ಗುರುತು ಮಾಡಿಕೊಂಡು ತುಂಬ ಹೊತ್ತು ನೋಡಿದರು. ಎರಡು ದಿನ ಬಿಟ್ಟು ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದರು: "ಅಲ್ಲ ಮಗಾ, ಇವೆರಡು ಇಪ್ಪತ್ತು ವರ್ಷಕ್ಕೊಮ್ಮೆ ಸೇರುತ್ತವೆ ಅಂತ ಟೀವಿಯಲ್ಲಿ ಹೇಳಿದರು. ಹಾಗಾದರೆ ಆ ಜೋಯಿಸರಿಗೆ ಆವತ್ತು ಎಂತ ಹೊಸತು ಕಂಡದ್ದು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಚಳಿಗಾಲ ಓದಿಗೆ ಕೂತದ್ದು ಈ ಒಂದು ಪ್ರಶ್ನೆಯಿಂದ.

ಮೊದಲು ಗೊತ್ತಾದದ್ದು, ಕೆಪ್ಲರ್ ಹಾಗೆ ಹೇಳಿಯೇ ಇಲ್ಲ ಎಂಬುದು. 1603ರ ಡಿಸೆಂಬರಿನಲ್ಲಿ ಪ್ರಾಗ್ ನಗರದಲ್ಲಿ ಚಕ್ರವರ್ತಿಯ ಗಣಿತಜ್ಞನಾಗಿದ್ದ ಆತ ಗುರು-ಶನಿಯರ ಯೋಗವನ್ನು ಕಂಡ. ಮರುವರ್ಷ ಮಂಗಳ ಗ್ರಹವೂ ಅಲ್ಲಿಗೆ ಬಂದು ಸೇರಿತು. ಅದೇ ಅಕ್ಟೋಬರಿನಲ್ಲಿ ಆ ಗ್ರಹಗಳ ಪಕ್ಕದಲ್ಲೇ, ಹಿಂದೆ ಯಾರೂ ನೋಡಿರದ ನಕ್ಷತ್ರವೊಂದು ಧಗ್ಗೆಂದು ಹೊತ್ತಿಕೊಂಡಿತು. ಅದು ನಮ್ಮ ಕ್ಷೀರಪಥದಲ್ಲಿ ಒಂದು ನಕ್ಷತ್ರದ ಸ್ಫೋಟ. ಅಷ್ಟು ಸ್ಪಷ್ಟವಾಗಿ ಬರಿಗಣ್ಣಿಗೆ ಕಂಡಂಥದ್ದು ಇಲ್ಲಿ ಮತ್ತೆ ಆಗಿಲ್ಲ. ಕೆಪ್ಲರ್ ಹಿಂದಕ್ಕೆ ಲೆಕ್ಕ ಹಾಕಿದ. ಕ್ರಿ.ಪೂ. 7ರಲ್ಲಿ ಗುರು-ಶನಿ ಮೀನರಾಶಿಯಲ್ಲಿ ಮೂರು ಸಲ ಕೂಡಿದ್ದವು. ಆಗಲೂ ಇಂಥ ಯೋಗದ ಹಿಂದೆಯೇ ಹೊಸ ನಕ್ಷತ್ರವೊಂದು ಹುಟ್ಟಿರಬೇಕು, ಜೋಯಿಸರು ಕಂಡದ್ದು ಅದನ್ನು ಎಂಬುದು ಆತನ ಊಹೆ. ಯೋಗ ಬರೀ ಮುನ್ಸೂಚನೆ, ನಕ್ಷತ್ರವೇ ಬೇರೆ. ನಾನು ಬಾಯಮ್ಮನಿಗೆ ಎರಡನ್ನೂ ಕಲಸಿ ಬಡಿಸಿದ್ದೆ.

ಮೂರು ಸಲ ಹೇಗೆ? ನಮ್ಮ ಪಂಚಾಂಗದ ವಕ್ರಗತಿಯನ್ನು ನೆನೆದರೆ ಸಾಕು. ಅಬುಧಾಬಿಯ ಹೆದ್ದಾರಿಯಲ್ಲಿ ನಮ್ಮ ಕಾರು ಲಾರಿಯೊಂದನ್ನು ಹಿಂದೆ ಹಾಕುವಾಗ, ದೂರದ ದಿಬ್ಬಗಳ ಎದುರು ಆ ಲಾರಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಭೂಮಿ ಈ ನಿಧಾನದ ಗ್ರಹಗಳನ್ನು ದಾಟುವಾಗಲೂ ಹಾಗೆಯೇ. ಆದರೆ ಆ ಮೂರು ಸಲವೂ ಎರಡು ಗ್ರಹಗಳ ನಡುವೆ ಸುಮಾರು ಒಂದು ಡಿಗ್ರಿ, ಎಂದರೆ ಎರಡು ಚಂದ್ರ ಹಿಡಿಸುವಷ್ಟು ಜಾಗವಿತ್ತು. ಒಂದೇ ನಕ್ಷತ್ರವೆಂದು ಯಾರೂ ಮೋಸಹೋಗುವಂತಿರಲಿಲ್ಲ. 1980-81ರಲ್ಲೂ ಹೀಗೆಯೇ ಮೂರು ಬಾರಿ ಸೇರಿದ್ದವು. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಊರಲ್ಲಿ ಯಾರಾದರೂ ತಲೆ ಎತ್ತಿ ನೋಡಿದ ನೆನಪಿಲ್ಲ.

ಬಾಯಮ್ಮನ ಪರವಾಗಿ ನಿಲ್ಲುವ ಇನ್ನೂ ಗಟ್ಟಿ ಸಾಕ್ಷಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬ್ಯಾಬಿಲೋನಿನ ಜೋಯಿಸರು ಕ್ರಿ.ಪೂ. 7-6ರ ವರ್ಷಕ್ಕೆ ಮುಂಚಿತವಾಗಿ ಬರೆದಿಟ್ಟ ಮಣ್ಣಿನ ಹಲಗೆಯ ಪಂಚಾಂಗ ಅದು. ಗುರು ಇಂಥ ರಾಶಿಯಲ್ಲಿ, ಶನಿ ಇಂಥ ರಾಶಿಯಲ್ಲಿ ಎಂದು ಎಲ್ಲವೂ ಅದರಲ್ಲಿದೆ. ಅವೆರಡರ ಕೂಟಕ್ಕೆ ಮಾತ್ರ ವಿಶೇಷ ಉಲ್ಲೇಖವಿಲ್ಲ. ಲೆಕ್ಕ ಬಲ್ಲವರಿಗೆ ಅದು ಸುದ್ದಿಯೇ ಅಲ್ಲ.

ಬೇರೆ ಅಭ್ಯರ್ಥಿಗಳೂ ಇದ್ದಾರೆ. ಕ್ರಿ.ಪೂ. 5ರಲ್ಲಿ ಎಪ್ಪತ್ತು ದಿನಕ್ಕೂ ಹೆಚ್ಚು ಕಾಲ ಕಂಡ ಒಂದು ಧೂಮಕೇತುವನ್ನೋ ಹೊಸ ನಕ್ಷತ್ರವನ್ನೋ ಚೀನೀಯರು ದಾಖಲಿಸಿದ್ದಾರೆ. ಕ್ರಿ.ಪೂ. 2ರ ಜೂನಿನಲ್ಲಿ ಗುರು-ಶುಕ್ರ ಒಂದೇ ಚುಕ್ಕಿಯಂತಾದವು. ಆದರೆ ಕಥೆಯ ಹೆರೋದ ರಾಜ ಕ್ರಿ.ಪೂ. 4ರಲ್ಲೇ ತೀರಿಕೊಂಡ ಎಂದು ಹೆಚ್ಚಿನ ಇತಿಹಾಸಕಾರರ ಮತ. ನಾಲ್ಕು ಸುವಾರ್ತೆಗಳಲ್ಲಿ ಈ ನಕ್ಷತ್ರವಿರುವುದು ಮತ್ತಾಯನದರಲ್ಲಿ ಮಾತ್ರ. ಅದರಲ್ಲೂ ಚಳಿಗಾಲ ಎಂದಿಲ್ಲ, ಜೋಯಿಸರು ಮೂವರು ಎಂದೂ ಇಲ್ಲ. ನನಗೀಗ ಅನಿಸುವುದಿಷ್ಟೆ: ಒಂದು ಗ್ರಹವನ್ನು ತಂದು ಆ ಕಥೆಗೆ ಮೊಳೆ ಹೊಡೆಯುವ ಆತುರ ನಮ್ಮದು, ಕಥೆಯದಲ್ಲ.

ಆ ಆತುರದ ಬೇರು ಹುಡುಕಿದರೆ ಅದು ಕೆಪ್ಲರನಿಗಿಂತ ಎಂಟುನೂರು ವರ್ಷ ಹಿಂದೆ, ನಾನಿರುವ ಈ ಕೊಲ್ಲಿಯ ತುದಿಗೆ ಬಂದು ಮುಟ್ಟುತ್ತದೆ. ಬಸ್ರಾದ ಯಹೂದಿ ಜೋಯಿಸ ಮಾಶಾ ಅಲ್ಲಾ, 762ರಲ್ಲಿ ಬಾಗ್ದಾದಿನ ಶಂಕುಸ್ಥಾಪನೆಗೆ ಮುಹೂರ್ತ ಇಟ್ಟವರಲ್ಲಿ ಒಬ್ಬ. ರಾಜವಂಶಗಳೂ ಧರ್ಮಗಳೂ ಗುರು-ಶನಿ ಯೋಗದಿಂದ ಹುಟ್ಟುತ್ತವೆ, ಸಾಯುತ್ತವೆ ಎಂಬ ಪರ್ಷಿಯಾದ ವಿಚಾರವನ್ನು ಹಿಡಿದು ಆತ ಲೋಕದ ಇತಿಹಾಸವನ್ನೇ ಜಾತಕಗಳಲ್ಲಿ ಬರೆದ. ಕ್ರಿಸ್ತಜನನದ ಯೋಗಕ್ಕೂ ಅದರಲ್ಲಿ ಒಂದು ಕುಂಡಲಿ ಇದೆ. ಅರಬಿಯಿಂದ ಲ್ಯಾಟಿನ್ನಿಗೆ ಹೋದ ಈ ವಿದ್ಯೆಯೇ ಯುರೋಪಿನ ಆಸ್ಥಾನಗಳನ್ನು ನಡುಗಿಸುತ್ತಿತ್ತು. ನಗಬೇಕಿಲ್ಲ. 1962ರ ಫೆಬ್ರವರಿಯ ಅಷ್ಟಗ್ರಹ ಕೂಟದಲ್ಲಿ ಪ್ರಳಯವಾಗುತ್ತದೆಂದು ನಮ್ಮ ದೇಶದ ತುಂಬ ಹೋಮಗಳಾದವು. ನನ್ನ ಅಮ್ಮನ ಮನೆಯಲ್ಲಿ ಕೊಟ್ಟಿಗೆಯ ಹಗ್ಗಗಳನ್ನೆಲ್ಲ ಬಿಚ್ಚಿಟ್ಟಿದ್ದರಂತೆ, ದನಗಳಾದರೂ ಓಡಿ ಬದುಕಲಿ ಎಂದು.

ಡಿಸೆಂಬರ್ 25 ನಮಗೂ ಪರಕೀಯವಲ್ಲ. ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದಂದು ಕಾಲು ತೊಳೆದು, ಧಾರೆ ಎರೆದು ಕೊಟ್ಟ ದಾನಗಳು ಎಷ್ಟೋ ಇವೆ. ಆ ತಿಥಿಗಳನ್ನು ಅಂದಿನ ಜೂಲಿಯನ್ ಕ್ಯಾಲೆಂಡರಿಗೆ ಹೊಂದಿಸಿದರೆ ಬರುವುದು ಡಿಸೆಂಬರ್ 24 ಅಥವಾ 25. ಆಮೇಲೆ ಯುರೋಪು ತನ್ನ ಕ್ಯಾಲೆಂಡರ್ ತಿದ್ದಿಕೊಂಡಿತು. ನಮ್ಮ ಪಂಚಾಂಗದ ವರ್ಷ ಋತುವರ್ಷಕ್ಕಿಂತ ಕೊಂಚ ಉದ್ದವಾದ್ದರಿಂದ ಹಬ್ಬವೂ ಸರಿಯುತ್ತ ಹೋಗಿ ಜನವರಿ 14ಕ್ಕೆ ಬಂದು ಕೂತಿದೆ.

ಗ್ರಹಗಳು ವರ್ಷವರ್ಷಕ್ಕೆ ಜಾಗ ಬದಲಿಸುತ್ತವೆ. ಪ್ರತಿ ಕ್ರಿಸ್ಮಸ್ ರಾತ್ರಿಯಲ್ಲೂ ತಪ್ಪದೆ ಹೊಳೆಯುವವು ಬೇರೆ. ಹನ್ನೆರಡು ಗಂಟೆಯ ಹೊತ್ತಿಗೆ ಲಿವಾ ರಸ್ತೆಯಲ್ಲಿ ಊರಿನ ದೀಪ ದಾಟಿ ನಿಂತರೆ ದಕ್ಷಿಣದಲ್ಲಿ ಎತ್ತರಕ್ಕೆ ಲುಬ್ಧಕ, ಅದರ ಕೆಳಗೆ ದಿಗಂತದಿಂದ ಹದಿಮೂರು ಡಿಗ್ರಿಯಷ್ಟೇ ಮೇಲೆ ಅಗಸ್ತ್ಯ. ಇಲ್ಲಿಯವರಿಗೆ ಅದು ಸುಹೈಲ್. ಆಗಸ್ಟ್ ಕೊನೆಯ ವಾರ ಬೆಳಗಿನ ಜಾವ ಅದು ಕಂಡರೆ ಬೇಸಿಗೆಯ ಬೆನ್ನು ಮುರಿಯಿತೆಂದು ಹೇಳಿ, ಅಲ್ಲಿಂದ ಹತ್ತು ಹತ್ತು ದಿನಗಳ ಕಂತಿನಲ್ಲಿ ವರ್ಷ ಎಣಿಸುತ್ತಿದ್ದರು. ಅಗಸ್ತ್ಯೋದಯಕ್ಕೆ ನೀರು ತಿಳಿಯಾಗುತ್ತದೆ ಎಂದು ನಮ್ಮವರು. ಮಂಗಳೂರಿನಲ್ಲಿ ಅದು ಇನ್ನೂ ಹತ್ತು ಡಿಗ್ರಿ ಮೇಲೇರುತ್ತದೆ.

ಇಷ್ಟೆಲ್ಲ ಓದುವಷ್ಟರಲ್ಲಿ ಬಾಯಮ್ಮ ಊರಿಗೆ ಮರಳಿದ್ದರು. ಫೋನು ಮಾಡಿ, ಅವತ್ತು ಹೇಳಿದ್ದು ತಪ್ಪು ಎಂದೆ. "ಹೌದಾ" ಎಂದರು, ಅಷ್ಟೆ. ಮಾತು ಮುಂದುವರಿಸಲು, ನಮ್ಮ ಈ ಧಫ್ರಾ ಪ್ರಾಂತ್ಯದ್ದೇ ಆದ ಸರ್ ಬನಿ ಯಾಸ್ ದ್ವೀಪದಲ್ಲಿ ಏಳು-ಎಂಟನೆಯ ಶತಮಾನದ ಕ್ರೈಸ್ತ ಸನ್ಯಾಸಿಗಳ ಮಠವೊಂದು 1992ರಲ್ಲಿ ಸಿಕ್ಕಿದೆ, ಗಾರೆಯಲ್ಲಿ ಮಾಡಿದ ಶಿಲುಬೆಗಳೂ ಇವೆ, ಮಾಶಾ ಅಲ್ಲಾನ ಕಾಲದಲ್ಲೇ ಅಲ್ಲಿ ಹಬ್ಬ ನಡೆದಿರಬೇಕು ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಿಮ್ಮಲ್ಲಿಂದ ಎಷ್ಟು ದೂರ ಅದು?"

ಜಬಲ್ ಧನ್ನಾದವರೆಗೆ ಕಾರು, ಅಲ್ಲಿಂದ ದೋಣಿ ಎಂದೆ.

"ಅಷ್ಟು ಹತ್ತಿರ ಇತ್ತಾ? ನಾನು ಅಲ್ಲಿ ಇದ್ದಾಗ ಇದನ್ನು ಹೇಳಬಾರದಿತ್ತಾ ಮಗಾ, ನಕ್ಷತ್ರ ತೋರಿಸುವ ಬದಲು?"