ತೂಕಡಿಕೆ ತಾರದ ಔಷಧ: ಪಿತ್ತದ ಗಂದೆಯ ಚಿಕಿತ್ಸೆಯ ಇತಿಹಾಸದಲ್ಲಿ ಒಂದು ಅಧ್ಯಾಯ

ಹುಕ್ಕೇರಿ ತಾಲೂಕಿನ ಘೋಡಗೇರಿಯು, ಗೋಕಾಕ, ಮೂಡಲಗಿ ಸೀಮೆಯ ಅನೇಕ ಗ್ರಾಮಗಳಂತೆ, ಕಬ್ಬಿನ ನಾಡಿಗೆ ಸೇರಿದ ಊರು. ಮೈಮೇಲೆ ಇದ್ದಕ್ಕಿದ್ದಂತೆ ಕೆಂಪು ದದ್ದುಗಳೆದ್ದು ತುರಿಸತೊಡಗಿದರೆ ಈ ಭಾಗದ ಜನ 'ಪಿತ್ತ ಎದ್ದಿದೆ' ಎನ್ನುತ್ತಾರೆ. ಆಮಸೋಲನ್ನು ನೀರಿನಲ್ಲಿ ನೆನೆಯಿಟ್ಟು ಅದರ ರಸವನ್ನು ಮೈಗೆ ಸವರುವುದು ಇಲ್ಲಿಯ ಹಳೆಯ ಮನೆಮದ್ದು. ಇಂದು ಅದೇ ಮನೆಯವರು ಔಷಧದ ಅಂಗಡಿಯಿಂದ ಸೆಟ್ರಿಜಿನ್ ಮಾತ್ರೆಯನ್ನೂ ತರುತ್ತಾರೆ. ಆಮಸೋಲಿನಿಂದ ಈ ಮಾತ್ರೆಯವರೆಗಿನ ಕಥೆಯಲ್ಲಿ ತುರಿಕೆಗಿರುವಷ್ಟೇ ಸ್ಥಾನ ನಿದ್ರೆಗೂ ಇದೆ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ರೋಗವು ಹೊಸದಲ್ಲ. ಮಾಧವನಿದಾನದಲ್ಲಿ ಶೀತಪಿತ್ತ, ಉದರ್ದ, ಕೋಠಗಳೆಂಬ ವಿಕಾರಗಳನ್ನು ಒಂದೇ ಪ್ರಕರಣದಲ್ಲಿ ವಿವರಿಸಲಾಗಿದೆ. ಕಣಜ ಕಡಿದಂತೆ ಚರ್ಮದ ಮೇಲೆ ಬಾವು ಏಳುವುದೆಂದು ಗ್ರಂಥಕಾರನು ಕೊಟ್ಟಿರುವ ಹೋಲಿಕೆಯನ್ನು ಇಂದಿನ ಚರ್ಮವೈದ್ಯರೂ ಒಪ್ಪುವರು. ಜನಸಾಮಾನ್ಯರು ಪಿತ್ತವನ್ನಷ್ಟೇ ದೂರಿದರೂ ಶಾಸ್ತ್ರವು ಮೊದಲು ಹೆಸರಿಸುವುದು ತಣ್ಣನೆಯ ಗಾಳಿಯ ಸ್ಪರ್ಶವನ್ನು. 'ಅಲರ್ಜಿ' ಎಂಬ ಶಬ್ದವಾದರೋ ತೀರ ಈಚಿನದು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು 1906ರಲ್ಲಿ ರೂಪಿಸಿದನು.

ಹಿಸ್ಟಮಿನ್ ಎಂಬ ದ್ರವ್ಯವು ಶರೀರದಲ್ಲಿ ಏನು ಮಾಡುವುದೆಂಬುದನ್ನು ಹೆನ್ರಿ ಡೇಲ್ ಮತ್ತು ಲೇಡ್ಲಾ ಎಂಬ ಆಂಗ್ಲ ವಿಜ್ಞಾನಿಗಳು 1910ರಲ್ಲಿ ಪ್ರಕಟಿಸಿದರು. ಚರ್ಮದ ಕಣಗಳಿಂದ ಅದು ಹೊರಬಿದ್ದಾಗ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ದ್ರವ ಸೋರಿ, ಗಂದೆ ಏಳುತ್ತದೆ. ಇದನ್ನು ತಡೆಯುವ ಮೊದಲ ದ್ರವ್ಯವನ್ನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಬೊವೆ ಮತ್ತು ಸ್ಟಾಬ್ ಎಂಬವರು 1937ರಲ್ಲಿ ಕಂಡುಹಿಡಿದರು. ಅದು ವಿಷಕಾರಿಯಾಗಿದ್ದುದರಿಂದ ರೋಗಿಗಳಿಗೆ ಉಪಯೋಗವಾಗಲಿಲ್ಲ. 1942ರಲ್ಲಿ ಆಂಟರ್ಗಾನ್, 1946ರಲ್ಲಿ ಅಮೆರಿಕದ ಬೆನಡ್ರಿಲ್ ಬಂದವು. ನಮ್ಮ ನಾಡಿನಲ್ಲಿ ಮನೆಮಾತಾದುದು ಅವಿಲ್.

ಈ ಔಷಧಗಳು ತುರಿಕೆಯನ್ನು ಅಡಗಿಸಿದವು. ರೋಗಿಯನ್ನು ಮಲಗಿಸಿದವು ಕೂಡ. ಹಿಸ್ಟಮಿನ್ ಚರ್ಮದಲ್ಲಿ ಉಪದ್ರವಕಾರಿಯಾದರೂ ಮಿದುಳಿನಲ್ಲಿ ಎಚ್ಚರವನ್ನು ಕಾಯುವ ಕಾವಲುಗಾರ. ಹಳೆಯ ಮಾತ್ರೆಗಳು ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟಿ ಆ ಕಾವಲುಗಾರನನ್ನೂ ಕಟ್ಟಿಹಾಕುತ್ತಿದ್ದವು. ಪ್ರೊಮೆಥಜಿನ್ ಎಂಬ ಅಂಥದೊಂದು ಔಷಧದ ಮಂಪರನ್ನು ಫ್ರೆಂಚ್ ಶಸ್ತ್ರವೈದ್ಯ ಲಬೊರಿ ಗುಣವೆಂದೇ ಎಣಿಸಿದನು. ಆ ಜಾಡಿನಲ್ಲಿ ಹೊರಟ ಶೋಧನೆಯಿಂದಲೇ ಮನೋರೋಗಗಳಿಗೆ ಕ್ಲೋರ್‌ಪ್ರೊಮಜಿನ್ ದೊರೆಯಿತು. ಆದರೆ ಹಂಗಾಮಿನಲ್ಲಿ ಗಾಣಕ್ಕೆ ಕಬ್ಬು ಒಡ್ಡುವವನಿಗೂ, ರಾತ್ರಿಯ ಹೊತ್ತು ಕಬ್ಬು ಹೇರಿದ ಟ್ರ್ಯಾಕ್ಟರ್ ನಡೆಸುವವನಿಗೂ ಮಂಪರು ಗುಣವಾಗಲಾರದು. ಅವನು ತುರಿಕೆಯನ್ನು ಸಹಿಸಬೇಕು, ಇಲ್ಲವೆ ಒಂದು ದಿನದ ಕೂಲಿಯನ್ನು ಬಿಡಬೇಕು. ಎರಡನ್ನೂ ಒಲ್ಲೆನೆಂದರೆ ಕೈಯನ್ನೇ ಪಣಕ್ಕಿಡಬೇಕು. ತೂಕಡಿಕೆಯನ್ನು ಔಷಧದ ಕಿರಿಯ ದೋಷವೆಂದು ಎಣಿಸಿದವರು ಹಾಸಿಗೆಯಲ್ಲಿ ವಿಶ್ರಮಿಸಬಲ್ಲ ರೋಗಿಯನ್ನು ಮಾತ್ರ ಕಂಡಿದ್ದರೆಂದು ನಮಗೆ ತೋರುತ್ತದೆ. ಅಮೆರಿಕದ ಅಯೋವಾದಲ್ಲಿ ಕೃತಕ ವಾಹನಯಂತ್ರದ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೆನಡ್ರಿಲ್‌ನ ಮೂಲದ್ರವ್ಯವಾದ ಡೈಫೆನ್‌ಹೈಡ್ರಮಿನ್ ಸೇವಿಸಿದವರ ಚಾಲನೆಯು ಮದ್ಯ ಸೇವಿಸಿದವರದಕ್ಕಿಂತ ಕೆಟ್ಟಿತ್ತು. ತಮಗೆಷ್ಟು ಮಂಪರು ಬಂದಿದೆಯೆಂದು ಅವರು ಹೇಳಿದ ಮಾತಿನಿಂದ ಈ ಕೆಡುಕನ್ನು ಊಹಿಸಲೂ ಸಾಧ್ಯವಾಗಲಿಲ್ಲ.

ಮಿದುಳನ್ನು ಅಷ್ಟಾಗಿ ಹೊಗದ ಟರ್ಫೆನಡಿನ್ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಈ ಸಮಸ್ಯೆ ಪರಿಹಾರವಾಯಿತೆಂದೇ ಎಲ್ಲರೂ ನಂಬಿದರು. ನಂಬಿಕೆ ಬಹುಕಾಲ ನಿಲ್ಲಲಿಲ್ಲ. ಈ ಮಾತ್ರೆಯೊಡನೆ ಶಿಲೀಂಧ್ರರೋಗಕ್ಕೆ ಕೀಟೊಕೊನಜೋಲ್ ಸೇವಿಸಿದ ಮಹಿಳೆಯೊಬ್ಬಳ ಹೃದಯದ ಬಡಿತವು ಅಪಾಯಕರವಾಗಿ ತಪ್ಪಿದ ಸಂಗತಿಯನ್ನು 1990ರಲ್ಲಿ ವೈದ್ಯರು ವರದಿ ಮಾಡಿದರು. ಸಾಮಾನ್ಯವಾಗಿ ಯಕೃತ್ತು ಟರ್ಫೆನಡಿನ್ನನ್ನು ಬಹುಬೇಗ ಬೇರೊಂದು ದ್ರವ್ಯವಾಗಿ ಮಾರ್ಪಡಿಸುತ್ತದೆ. ಕೀಟೊಕೊನಜೋಲ್, ಎರಿಥ್ರೊಮೈಸಿನ್‌ಗಳು ಈ ಕೆಲಸಕ್ಕೆ ಅಡ್ಡಬಂದಾಗ ಮೂಲದ್ರವ್ಯವು ರಕ್ತದಲ್ಲಿ ಉಳಿದು ಹೃದಯವನ್ನು ಬಾಧಿಸುತ್ತಿತ್ತು. ಗಂದೆಯನ್ನು ಶಮನಗೊಳಿಸುತ್ತಿದ್ದುದು ಹೆಚ್ಚಾಗಿ ಆ ಮಾರ್ಪಟ್ಟ ದ್ರವ್ಯವೇ. ಅದನ್ನೇ ನೇರವಾಗಿ ಕೊಡಬಹುದೆಂದು ತಿಳಿದುದರಿಂದ ಫೆಕ್ಸೊಫೆನಡಿನ್ 1996ರಲ್ಲಿ ಬಳಕೆಗೆ ಬಂದಿತು. ಟರ್ಫೆನಡಿನ್ 1998ರ ಹೊತ್ತಿಗೂ, ಅದೇ ದೋಷವುಳ್ಳ ಅಸ್ಟೆಮಿಜೋಲ್ 1999ರಲ್ಲಿಯೂ ಅಮೆರಿಕದಿಂದ ಮರೆಯಾದವು. ಭಾರತದಲ್ಲಿ ಇವೆರಡರ ನಿಷೇಧವು 2003ರಲ್ಲಿ ಆಯಿತು. ಈ ವಿಳಂಬವನ್ನು ಸಮರ್ಥಿಸುವುದು ಕಠಿಣ.

ಬೆಲ್ಜಿಯಮ್ಮಿನ ಸೆಟ್ರಿಜಿನ್ನಿನ ಹುಟ್ಟೂ ಇದೇ ಬಗೆಯದು. ಹೈಡ್ರಾಕ್ಸಿಜಿನ್ ಎಂಬ ಹಳೆಯ ಮಂಪರಿನ ಔಷಧವು ಶರೀರದಲ್ಲಿ ಮಾರ್ಪಟ್ಟು ಆಗುವ ದ್ರವ್ಯವೇ ಅದು. ಭಾರತದ 1970ರ ಪೇಟೆಂಟ್ ಕಾಯಿದೆಯು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟು, ಔಷಧಕ್ಕೇ ಹಕ್ಕು ಕೊಡಲಿಲ್ಲ. ಈ ಏರ್ಪಾಡು 2005ರವರೆಗೆ ನಡೆದುದರಿಂದ ಇಲ್ಲಿಯ ಕಾರ್ಖಾನೆಗಳು ಬೇರೆ ವಿಧಾನಗಳಿಂದ ಇಂಥ ಮಾತ್ರೆಗಳನ್ನು ಅಗ್ಗವಾಗಿ ತಯಾರಿಸಲು ಅನುಕೂಲವಾಯಿತು. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುವುದುಂಟು. ಯಂತ್ರದ ಬಳಿ ದುಡಿಯುವವನಿಗೆ ಫೆಕ್ಸೊಫೆನಡಿನ್ ಮೇಲು. ಅದನ್ನು ಹಣ್ಣಿನ ರಸದೊಡನೆ ನುಂಗಿದರೆ ಮೈಗೆ ಕಡಿಮೆ ಸೇರುವುದರಿಂದ ನೀರಿನೊಡನೆಯೇ ಸೇವಿಸಬೇಕು.

ಪ್ರಕೃತ ವಿಷಯಕ್ಕೆ ಹೊಂದಿದ ಇನ್ನೊಂದು ಸಂಗತಿಯುಂಟು. ಪಾರ್ಥೇನಿಯಮ್, ಅರ್ಥಾತ್ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ತರುವಾಯ ಕರ್ನಾಟಕವನ್ನೆಲ್ಲ ಆವರಿಸಿತು. ಸರಕಾರವು 1975ರಲ್ಲಿ ಅದನ್ನು ಉಪದ್ರವಕಾರಿ ಕಳೆಯೆಂದು ಸಾರಿತು. 1984ರಲ್ಲಿ ಬೆಂಗಳೂರಿನಲ್ಲಿ ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬಿಡಲಾಯಿತು. ಅದರ ಪರಾಗದಿಂದ ಬರುವ ಸೀನು, ಮೂಗುಸೋರಿಕೆಗಳಿಗೆ ಮೇಲಿನ ಮಾತ್ರೆಗಳು ಉಪಯುಕ್ತ. ಗಿಡದ ಸಂಪರ್ಕದಿಂದ ಮುಖ, ಕತ್ತು, ಮೊಣಕೈಗಳ ಚರ್ಮ ದಪ್ಪವಾಗಿ ಒಡೆಯುವ ರೋಗಕ್ಕೆ ಮಾತ್ರ ಅವು ಮದ್ದಲ್ಲ. ಏಕೆಂದರೆ ಅದು ಹಿಸ್ಟಮಿನ್ನಿನ ಕೆಲಸವಲ್ಲ, ರಕ್ತದ ಲಿಂಫೋಸೈಟ್ ಕಣಗಳ ಕೆಲಸ. ಗಂದೆಯು ಒಂದೆಡೆ ಒಂದು ದಿನಕ್ಕಿಂತ ಹೆಚ್ಚು ನಿಲ್ಲದೆ ಗುರುತುಳಿಯದಂತೆ ಮಾಯವಾಗುತ್ತದೆ. ಈ ಚರ್ಮರೋಗವು ವಾರಗಟ್ಟಲೆ ಉಳಿಯುತ್ತದೆ. ಎರಡನ್ನೂ 'ಅಲರ್ಜಿ' ಎಂಬ ಒಂದೇ ಹೆಸರಿನಿಂದ ಕರೆದು ಒಂದೇ ಮಾತ್ರೆ ನುಂಗುವ ರೈತನು ತಿಂಗಳುಗಳನ್ನು ವ್ಯರ್ಥವಾಗಿ ಕಳೆಯುತ್ತಾನೆ. ಅವನಿಗೆ ಬೇಕಾದುದು ಗಿಡದಿಂದ ದೂರವಿರುವುದು, ಮತ್ತು ವೈದ್ಯರ ಕಣ್ಗಾವಲಿನಲ್ಲಿ ಸ್ಟೀರಾಯ್ಡ್ ಅಥವಾ ಅಝಥಯೋಪ್ರಿನ್.